ಹ್ವಾಯ್ ಎಂದವರಿಗೆ ಓ ಎನ್ನಬೇಕು

ಮೊನ್ನೆ ಬ್ರಹ್ಮಾವರದಿಂದ ಹಳೆಯ ಸ್ನೇಹಿತರೊಬ್ಬರು ನಮ್ಮ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆವು. ಮಾತಾಡುತ್ತಿದ್ದವನು ನಾನು, ಅವರು ಕೇಳುತ್ತಿದ್ದರು ಎಂದರೆ ಇನ್ನೂ ಸರಿ. ಅಷ್ಟರಲ್ಲಿ ಅಡುಗೆಮನೆಯಿಂದ ಸ್ಟೀಲಿನ ಲೋಟಕ್ಕೆ ಚಮಚ ಬಡಿದ ಸದ್ದು ಬಂತು, ಟಣ್ ಎಂದು. ನಾನು ಮಾತನ್ನು ಅರ್ಧಕ್ಕೇ ಬಿಟ್ಟು "ಬಂದೆ" ಎಂದು ಎದ್ದು ಒಳಗೆ ಹೋಗಿ ಚಹದ ತಟ್ಟೆ ಹಿಡಿದುಕೊಂಡು ಬಂದೆ. ಮತ್ತೆ ಮಾತು ಶುರುವಾಗಿ ಸ್ವಲ್ಪ ಹೊತ್ತಾಗಿತ್ತಷ್ಟೆ, ಈ ಸಲ ಟಣ್ ಟಣ್ ಟಣ್ ಎಂದು ಬಿಡದೆ ಬಡಿಯಿತು. ನಾನು ಬಾಯಿ ಮುಚ್ಚಿದೆ. ಸ್ನೇಹಿತರು ಕಣ್ಣರಳಿಸಿ, "ಎಂತ ಮಾರಾಯ್ರೆ ಇದ್, ಶಾಲಿಯಾ?" ಎಂದು ಕೇಳಿದರು.

ಶಾಲೆಯೇ ಅನ್ನಿ. ಒಂದು ಸಲ ಬಡಿದರೆ ಒಳಗೆ ಬನ್ನಿ ಎಂದರ್ಥ. ಬಿಡದೆ ಬಡಿದರೆ, ನಿಮ್ಮ ಮಾತು ಜಾಸ್ತಿಯಾಯಿತು, ಬಂದವರಿಗೂ ಒಂಚೂರು ಬಿಡಿ ಎಂದು. ಬಡಿಯುವವಳು ನನ್ನ ಹೆಂಡತಿ ವಾರಿಜ. ಅವಳಿಗೆ ಮಾತು ಬಾರದು ಎಂದು ಮಾತ್ರ ತಿಳಿಯಬೇಡಿ. ಈಚೆ ಬ್ರಹ್ಮಾವರದಿಂದ ಆಚೆ ಬೈಂದೂರಿನವರೆಗೆ ಅವಳ ಸ್ವರ ಗೊತ್ತಿಲ್ಲದ ಮನೆಯಿಲ್ಲ. ಮುಂಬೈಯ ಹೋಟೆಲುಗಳಲ್ಲಿರುವ ನಮ್ಮ ಕಡೆಯವರ ಫೋನುಗಳು ಅವಳ ಸ್ವರದಲ್ಲೇ ರಿಂಗಾಗುತ್ತವೆ. ಅಂಥವಳ ಮನೆಯಲ್ಲಿ ಈ ಲೋಟದ ಭಾಷೆ ಹೇಗೆ ಹುಟ್ಟಿತು ಎಂದು ಸ್ನೇಹಿತರಿಗೆ ಹೇಳಹೊರಟೆ. ಲೋಟ ಮತ್ತೆ ಬಡಿಯಿತು. ಹಾಗಾಗಿ ಅವತ್ತು ಬಾಯಲ್ಲೇ ಉಳಿದದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಮೊದಲು ನನ್ನ ಪರಿಚಯ. ವಾರಿಜ ಹಾಡುವ ಪದ್ಯಗಳನ್ನು ಬರೆಯುವವನು ನಾನು. ಅವಳ ಕಾರ್ಯಕ್ರಮಗಳ ಡೇಟು ಹಿಡಿಯುವವನು, ಗಾಡಿ ಗೊತ್ತು ಮಾಡುವವನು, ಮೈಕಿನವರ ಹತ್ತಿರ ಜಗಳವಾಡುವವನು, ಜೀರಿಗೆ ಕಷಾಯದ ಫ್ಲಾಸ್ಕು ಹೊರುವವನು ಕೂಡ ನಾನೇ. ಫ್ಲೆಕ್ಸಿನಲ್ಲಿ "ವಾರಿಜ ಮತ್ತು ತಂಡ" ಎಂದು ಹಾಕುತ್ತಾರಲ್ಲ, ಆ ತಂಡದ ಬಹುಪಾಲು ನಾನು. ತಬಲದವರು, ಕೀಬೋರ್ಡಿನವರು ಇದ್ದಾರೆ, ಅವರ ಫೋಟೋ ಹಾಕುತ್ತಾರೆ. ನನ್ನ ಫೋಟೋವೂ ಒಮ್ಮೆ ಬಂದಿತ್ತು. ಬೈಂದೂರಿನಲ್ಲಿ ಯಾರೋ ವಾರಿಜನ ಜೊತೆ ನಿಂತು ತೆಗೆಸಿಕೊಂಡ ಫೋಟೋದ ಮೂಲೆಯಲ್ಲಿ ನನ್ನ ಅರ್ಧ ಭುಜ ಸಿಕ್ಕಿಕೊಂಡಿತ್ತು. ಅಂಗಿಯ ಬಣ್ಣ ಚೆನ್ನಾಗಿಯೇ ಬಂದಿತ್ತು.

ಈ ಮ್ಯಾನೇಜರಿಕೆ ನನಗೆ ಪೂರ್ತಿ ಹೊಸದೇನಲ್ಲ. ಅಪ್ಪನಿಗೆ ಮುಂಬೈಯಲ್ಲಿ ಸಣ್ಣ ಹೋಟೆಲಿತ್ತು. ಕಿರಿಮಂಜೇಶ್ವರದಲ್ಲಿ ಶಾಲೆ ಮುಗಿಸಿದವನನ್ನು ಕರೆದುಕೊಂಡು ಹೋಗಿ ದುಡ್ಡಿನ ಗಲ್ಲೆಯ ಮುಂದೆ ಕೂರಿಸಿದರು. ನಗುತ್ತಾ ಇಲ್ಲ ಎನ್ನುವ ವಿದ್ಯೆ ಕಲಿತದ್ದು ಅಲ್ಲೇ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಪದ್ಯ ಗೀಚುತ್ತಿದ್ದೆ. ಒಮ್ಮೆ ಮರಾಠಿ ಗಿರಾಕಿಯೊಬ್ಬರು ಇಡ್ಲಿ ತಿಂದು ಬಿಲ್ಲು ತಿರುಗಿಸಿ ನೋಡಿದರೆ ಹಿಂದೆ ಕಡಲು, ಚಂದ್ರ, ವಿರಹ ಎಲ್ಲ ಸಾಲಾಗಿ ಕೂತಿತ್ತು. ಅವರಿಗೆ ನಮ್ಮ ಲಿಪಿ ಗೊತ್ತಿಲ್ಲ. ಇಷ್ಟೆಲ್ಲ ನಾನು ತಿಂದಿಲ್ಲ ಎಂದು ಜಗಳಕ್ಕೆ ಬಂದರು. ಅವತ್ತು ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡು ಹೇಳಿದರು, "ಇವ ಗಲ್ಲೆಗ್ ಆಪವ ಅಲ್ಲ. ಊರಿಗ್ ಹೋಯಿ ಮದಿ ಆಯ್ಲಿ." ಮದಿ ಎಂದರೆ ನಮ್ಮಲ್ಲಿ ಮದುವೆ. ಗಲ್ಲೆಗೆ ಆಗದವನು ಮದುವೆಗೆ ಹೇಗೆ ಆಗುತ್ತಾನೆ ಎಂದು ಅಪ್ಪ ಯೋಚಿಸಿದಂತಿರಲಿಲ್ಲ.

ಹೆಣ್ಣು ನೋಡಲು ಹೋದದ್ದು ಕೆರಾಡಿಗೆ. ನಾನು ಕಡಲ ಬದಿಯವನು, ಮರಳು ಮತ್ತು ಮೀನಿನ ವಾಸನೆ ಇದ್ದರೆ ದಾರಿ ಗೊತ್ತಾಗುತ್ತದೆ. ಕಾಡಂಚಿನ ಊರಿನಲ್ಲಿ ನನಗೆ ಎಲ್ಲ ಮರವೂ ಒಂದೇ. ನಾನು, ಅಮ್ಮ, ಸೋದರಮಾವ ಬಸ್ಸಿಳಿದು ನಡೆದೆವು. ಮಾವನಿಗೆ ದಾರಿ ಗೊತ್ತಿತ್ತಂತೆ. ಗೊತ್ತಿದ್ದವರು ನಮ್ಮನ್ನು ಯಾರದೋ ಗೇರುಮರಗಳ ಹಾಡಿಯೊಳಗೆ ನುಗ್ಗಿಸಿ, ಒಂದು ತೋಡಿನ ದಂಡೆಯಲ್ಲಿ ತಂದು ನಿಲ್ಲಿಸಿದರು. ಮುಂದೆ ನೀರು, ಹಿಂದೆ ಮುಳ್ಳು. ಆಗ ತೋಡಿನ ಆಚೆಯಿಂದ ಬಂತು ನೋಡಿ:

"ಹ್ವಾ...ಯ್! ಅತ್ಲಾಗಲ್ಲ! ಸಂಕ ದಾಂಟಿ ಬನ್ನಿ!"

ಸಂಕವೆಂದರೆ ತೋಡಿಗೆ ಅಡ್ಡ ಹಾಕಿದ ಕಾಲುಸೇತುವೆ. ಆ ಹ್ವಾಯ್ ಗುಡ್ಡದವರೆಗೆ ಹೋಗಿ ವಾಪಸು ಬಂತು. ಕಿರುಚಿದ ಹಾಗಿರಲಿಲ್ಲ, ಎಳೆದು ಹಾಡಿದ ಹಾಗಿತ್ತು. ಕೂಗಿದವಳ ಮುಖ ಮರದ ಮರೆಯಲ್ಲಿ ಕಾಣುತ್ತಿರಲಿಲ್ಲ. ನಾನು ಅಮ್ಮನಿಗೆ, "ಇದೇ ಹೆಣ್ಣಾರೆ ಅಡ್ಡಿಲ್ಲೆ" ಎಂದೆ. "ಹೆಣ್ಣ್ ಕಾಣ್ದೆ ಎಂತದಾ ನಿಂದ್!" ಎಂದು ಅಮ್ಮ ಬೈದರು. ನನ್ನ ಪುಣ್ಯಕ್ಕೆ ಅದೇ ಹೆಣ್ಣಾಗಿತ್ತು. ಗಂಡಿನ ಕಡೆಯವರನ್ನು ಹೆಣ್ಣೇ ಅಂಗಳದ ತುದಿಗೆ ಬಂದು ಕೂಗಿ ಕರೆದದ್ದಕ್ಕೆ ಅವಳಿಗೆ ಮನೆಯಲ್ಲಿ ಬೈಗುಳವೂ ಆಗಿತ್ತಂತೆ. "ಮತ್ತೆಂತ ಮಾಡುದ್? ಇವ್ರ್ ಬೇರೆ ಮನಿಗ್ ಹೋಯಿ ಕೂಕಂಡಿರೆ?" ಎಂದು ವಾರಿಜ ಇವತ್ತಿಗೂ ಕೇಳುತ್ತಾಳೆ.

ಕೂಗುವುದು ಆ ಮನೆಯಲ್ಲಿ ಅವಳ ಪಾಲಿನ ಕೆಲಸ. ಗದ್ದೆಯಲ್ಲಿದ್ದ ಅಪ್ಪನನ್ನು ಊಟಕ್ಕೆ ಕರೆಯಬೇಕು, ಹಾಡಿಗೆ ಮೇಯಲು ಹೋದ ದನವನ್ನು ಕರೆಯಬೇಕು, ಬಂಗುಡೆ ಮೀನು ಬಂದರೆ ಆಚೆಮನೆಯವರಿಗೆ ತಿಳಿಸಬೇಕು. ಮುಂದೆ ಟಿವಿಯವರು ನಿಮ್ಮ ಸಂಗೀತದ ಗುರುಗಳು ಯಾರು ಎಂದು ಕೇಳಿದಾಗ "ನಮ್ಮನಿ ದನ" ಎಂದು ಹೇಳಿಬಿಟ್ಟಳು. ಕ್ಯಾಮೆರಾದ ಹಿಂದೆ ನಿಂತಿದ್ದ ಮ್ಯಾನೇಜರು ಬೆವರಿ ಒದ್ದೆಯಾದರು. ಆ ಕಡೆ ಇನ್ನೊಂದು ಕ್ರಮವಿದೆ. ಯಾರಾದರೂ ಹ್ವಾಯ್ ಎಂದರೆ ಕೇಳಿದವರು ಓ ಎನ್ನಲೇಬೇಕು. ಕರೆದವರು ಯಾರು, ಯಾಕೆ ಕರೆದರು, ಅವರಿಗೂ ನಮಗೂ ಮಾತಿದೆಯೋ ಇಲ್ಲವೋ, ಅದೆಲ್ಲ ಆಮೇಲೆ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಸುಮ್ಮನೆ ಕೂತದ್ದಕ್ಕೆ ಅತ್ತೆ, "ಓ ಅನ್ನದಿದ್ರೆ ಕರ್ದವ್ರ್ ಎಂತ ಗ್ರಹಿಸ್ಕಣ್ಕ್ ಅಳಿಯ? ಮನಿಲ್ ಜನವೇ ಇಲ್ಲೆ ಅಂದೇಳಿಯಾ?" ಎಂದು ನಯವಾಗಿಯೇ ಜಾಡಿಸಿದ್ದರು.

ಆ ಕೂಗನ್ನೇ ಪಲ್ಲವಿ ಮಾಡಿ ನಾನೊಂದು ಪದ್ಯ ಬರೆದೆ.

ಹ್ವಾಯ್... ಸಂಕ ದಾಂಟಿ ಬನ್ನಿ,
ಸಂಜಿ ಆಯ್ತ್ ಕಾಣಿ.

ಇಷ್ಟೇಯಾ ಎನ್ನಬೇಡಿ, ಚರಣಗಳೂ ಇವೆ. ಕಷ್ಟಪಟ್ಟು ಬರೆದ ಚರಣಗಳು. ಅವನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ಜನಕ್ಕೆ ಬೇಕಾದದ್ದು ಮೊದಲಿನ ಆ ಹ್ವಾಯ್. ವಾರಿಜ ಅದನ್ನು ಎತ್ತಿ, ಮೇಲಕ್ಕೆ ಒಯ್ದು, ಅಲ್ಲಿ ನಿಲ್ಲಿಸಿಬಿಡುತ್ತಿದ್ದಳು. ಇಳಿಸುತ್ತಾಳೆ ಎಂದು ನೋಡಿದರೆ ಇಳಿಸುತ್ತಿರಲಿಲ್ಲ. ಸಭೆಯಲ್ಲಿ ಕೂತವರು ತಮ್ಮ ಉಸಿರು ಹಿಡಿದುಕೊಳ್ಳುತ್ತಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದರು, ಹಾಡು ಊರೂರು ಸುತ್ತಿತು, ವಾರಿಜ ಎಲ್ಲರ ಬಾಯಲ್ಲೂ ಹ್ವಾಯ್ ವಾರಿಜಕ್ಕ ಆದಳು. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಅವಳು ಹೋದರೆ ಬುಟ್ಟಿಯ ಅಡಿಯಿಂದ ತಾಜಾ ಕಾಣೆ ಮೀನು ತೆಗೆದು ಕೊಡುತ್ತಾರೆ. ನಾನೊಬ್ಬನೇ ಹೋದರೆ ನಿನ್ನೆಯದು ಸಿಗುತ್ತದೆ.

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ನನ್ನದೇ ಊರು ಕಿರಿಮಂಜೇಶ್ವರದಲ್ಲಿ ಕಾರ್ಯಕ್ರಮ. ಕೆಲವು ದಿನಗಳಿಂದ ಅವಳ ಗಂಟಲು ಒಡೆದಂತೆ ಕೇಳುತ್ತಿತ್ತು. ಕಷಾಯ ಕುಡಿದರೆ ಹೋಗುತ್ತದೆ ಎಂದುಕೊಂಡಿದ್ದೆವು. ಕೊನೆಗೆ ಎಲ್ಲರೂ ಕಾಯುತ್ತಿದ್ದ ಹಾಡು ಬಂತು. ವಾರಿಜ ಹ್ವಾಯ್ ಎಂದು ಎತ್ತಿದಳು. ಅದು ಅರ್ಧ ಏರಿ ಒಡೆಯಿತು. ಒಂದು ಗುಟುಕು ಕುಡಿದು ಮತ್ತೆ ಎತ್ತಿದಳು. ಈ ಸಲ ಬರೀ ಗಾಳಿ ಬಂತು. ನಾನು ವೇದಿಕೆಗೆ ಓಡಿ ಮೈಕಿನವನನ್ನು ಬೈದೆ. ಪಾಪ, ಅವನ ಮೈಕು ಸರಿಯಾಗಿಯೇ ಇತ್ತು. ಊರವರು ಪ್ರೀತಿಯಿಂದ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿದಾಗಲೇ ಅವಳ ಮುಖ ಸಣ್ಣದಾದದ್ದು.

ಗಂಟಲಿನ ಡಾಕ್ಟರು ನೋಡಿ, ಸ್ವರದ ತಂತಿಯ ಮೇಲೆ ಸಣ್ಣ ಗಂಟು ಕೂತಿದೆ ಎಂದರು. ಆಪರೇಷನ್ ಬೇಡ, ಆದರೆ ಕೆಲವು ವಾರ ಒಂದು ಮಾತೂ ಆಡಬಾರದು. ಪಿಸುಮಾತೂ ಕೂಡದು, ಅದರಿಂದ ಇನ್ನೂ ಕೆಡುತ್ತದೆ. ಉಪ್ಪಿನಕಾಯಿ ಬೇಡ. ಮನೆಯೊಳಗೆ ಕೂಗಿ ಕರೆಯುವುದು ಇನ್ನು ಮುಂದೆ ಯಾವತ್ತೂ ಬೇಡ. "ಸ್ವರ ಬರ್ತದೆ. ಆದ್ರೆ ಹಳೇ ಸ್ವರವೇ ಬರ್ತದೆ, ಅಷ್ಟು ಮೇಲಕ್ಕೇ ಹೋಗ್ತದೆ ಅಂತ ನಾನು ಹೇಳುದಿಲ್ಲ" ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿತು.

ಕಾರಿನಲ್ಲಿ ಕೂತ ಮೇಲೆ ವಾರಿಜ, ಮಾತು ನಿಲ್ಲಿಸುವ ಮೊದಲು ಕೊನೆಯದಾಗಿ, ಒಂದೇ ಮಾತು ಕೇಳಿದಳು. "ಹ್ವಾಯ್, ಆ ಕೂಗ್ ಇಲ್ದಿರೆ ಜನ ನನ್ನ ಎಂತಕೆ ಕರಿತ್ರ್?" ಪದ್ಯ ಬರೆಯುವವನೂ ಮ್ಯಾನೇಜರೂ ಸೇರಿ ಕಷಾಯದ ಫ್ಲಾಸ್ಕಿನ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟರು. ನನಗೆ ಹೆದರಿಕೆಯಾಗಿತ್ತು.

ಮನೆಗೆ ಬಂದು ಮಳೆಗಾಲ ಮುಗಿದ ಮೇಲಿನ ಡೇಟುಗಳನ್ನು ಒಂದೊಂದಾಗಿ ಬಿಡಿಸಿದೆ. ನಗುತ್ತಾ ಇಲ್ಲ ಎನ್ನುವ ವಿದ್ಯೆ ಉಪಯೋಗಕ್ಕೆ ಬಂತು, ನಗು ಮಾತ್ರ ಬರುತ್ತಿರಲಿಲ್ಲ. ಶಂಕರನಾರಾಯಣದ ಶೀನಣ್ಣ ಎಂಬ ಒಬ್ಬರು ಮಾತ್ರ ಬಿಡಲಿಲ್ಲ. ನವರಾತ್ರಿಗೆ ಅಲ್ಲಿ ಕಾರ್ಯಕ್ರಮ ಮಾಡಿಸುವವರು ಅವರು. "ಡೇಟ್ ಇರ್ಲಿ ಮಾರಾಯ್ರೆ. ಮಳಿ ಬಿಟ್ ಮೇಲ್ ಕಾಂಬ. ಹಾಡುಕ್ ಆತಿಲ್ದಿರೆ ಬಂದ್ ಕೂಕಂಡ್, ಊಟ ಮಾಡ್ಕಂಡ್ ಹೋಯ್ಲಿ" ಎಂದರು. ಆ ಒಂದು ಡೇಟು ಉಳಿಯಿತು.

ಲೋಟದ ಭಾಷೆ ಹುಟ್ಟಿದ್ದು ಆಗ, ಮನೆಯೊಳಗೆ ಕೂಗುವಂತಿಲ್ಲವಾದ್ದರಿಂದ ಅದು ಇವತ್ತಿಗೂ ಉಳಿದಿದೆ. ಹೆಂಡತಿ ಮಾತಾಡದ ಮನೆ ಸ್ವರ್ಗ ಎಂದು ನಗೆಯಾಡುವ ಗಂಡಸರನ್ನು ನಾನೂ ಕಂಡಿದ್ದೇನೆ. ಅವರು ಒಂದು ವಾರ ಹಾಗೆ ಇದ್ದು ನೋಡಲಿ. ಕಾಫಿಗೆ ಸಕ್ಕರೆ ಕಡಿಮೆ ಎಂದರೆ ತಿರುಗಿ ಹೇಳುವವರಿಲ್ಲ. ನನ್ನ ಹೊಸ ಪದ್ಯ ಓದಿದರೆ "ಇದ್ ಪದ್ಯ ಅಲ್ಲ, ಮದಿ ಕಾಗ್ದ" ಎಂದು ಬೈಯುವವರಿಲ್ಲ. ಅವಳ ಬೈಗುಳವಿಲ್ಲದೆ ನನಗೆ ಒಂದು ಸಾಲು ಕೂಡ ಬರೆಯಲು ಬರುವುದಿಲ್ಲ ಎಂದು ಆಗ ಗೊತ್ತಾಯಿತು.

ವಾರಗಳು ಕಳೆದು ಡಾಕ್ಟರು ಮತ್ತೊಮ್ಮೆ ನೋಡಿ, ಗಂಟು ಕರಗಿದೆ, ಇನ್ನು ಮೆಲ್ಲಗೆ ಮಾತಾಡಬಹುದು ಎಂದರು. ಎಳನೀರು ಕುಡಿಯುವ ಕೊಳವೆಯನ್ನು ನೀರಿಗೆ ಅದ್ದಿ ಗುಳುಗುಳು ಎಂದು ಊದುವ ಅಭ್ಯಾಸವನ್ನೂ ಕೊಟ್ಟರು. ವಾರಿಜ ಊದಿದಳು, ದಿನವೂ ತಪ್ಪದೆ ಊದಿದಳು. ಮಾತು ಮಾತ್ರ ಆಡಲಿಲ್ಲ. "ಮಾತಾಡ್ ಹೆಣೆ, ಡಾಕ್ಟ್ರೇ ಹೇಳಿರಲ್ಲ" ಎಂದು ನಾನು ಎಷ್ಟು ಅಂಗಲಾಚಿದರೂ ತಲೆ ಅಲ್ಲಾಡಿಸಿ ಲೋಟ ಬಡಿಯುತ್ತಿದ್ದಳು. ಬಾಯಿ ತೆರೆದರೆ ಎಂಥ ಸ್ವರ ಬರುತ್ತದೋ ಎಂಬ ಭಯ ಅವಳಿಗೆ. ತೆರೆಯದಿದ್ದರೆ ಹಳೆಯದು ಒಳಗೆ ಹಾಗೇ ಇದೆ ಎಂದು ನಂಬಿಕೊಂಡಿರಬಹುದಲ್ಲ.

ಮಳೆ ಸ್ವಲ್ಪ ಬಿಟ್ಟ ದಿನಗಳಲ್ಲಿ ಅವಳನ್ನು ಕೆರಾಡಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಹೊತ್ತು. ಅತ್ತೆ ದನದ ಹಟ್ಟಿಯಲ್ಲಿದ್ದರು. ನಾನು ಜಗಲಿಯಲ್ಲಿ ಅರೆನಿದ್ದೆಯಲ್ಲಿದ್ದೆ. ವಾರಿಜ ಅಲ್ಲೇ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ತೋಡಿನ ಆಚೆಯಿಂದ ಯಾರೋ ಕೂಗಿದರು, "ಹ್ವಾಯ್! ಮನಿಲ್ ಇದ್ರ್ಯಾ?"

"ಓ... ಇದೆ, ಬನ್ನಿ" ಎಂದಳು ವಾರಿಜ.

ತಲೆ ಕೂಡ ಎತ್ತಿರಲಿಲ್ಲ. ಅಷ್ಟು ವರ್ಷದ ಅಭ್ಯಾಸ, ಹ್ವಾಯ್ ಎಂದು ಕಿವಿಗೆ ಬಿದ್ದ ಕೂಡಲೇ ಓ ಹೊರಬಿದ್ದಿತ್ತು. ಆಮೇಲೆ ಗೊತ್ತಾಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾನು ಎದ್ದು ಕೂತೆ. ಬಂದದ್ದು ಬೇರೆಯೇ ಸ್ವರ. ಕೆಳಗಿನದು, ದಪ್ಪಗಿನದು, ಒಂಚೂರು ಒರಟು. ಇಷ್ಟು ವರ್ಷ ಜೊತೆಗಿದ್ದು ನಾನು ಒಂದು ಸಲವೂ ಕೇಳದ ಸ್ವರ. ಜೋರಾಗಿಯೇನೂ ಇರಲಿಲ್ಲ, ಆದರೆ ಅಷ್ಟು ದೂರದವರಿಗೆ ಕೇಳಿಸಿತ್ತು. ಆಚೆಮನೆಯವರು ಕೊಂಡುಹೋದ ಹಾರೆ ವಾಪಸು ಕೊಡಲು ಸಂಕ ದಾಟಿ ಬರುತ್ತಿದ್ದರು.

ಹಟ್ಟಿಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. "ಯಾರ್ ಓ ಅಂದದ್ದ್?"

"ನಿಮ್ಮ ಮಗಳೇ" ಎಂದೆ.

"ಅಯ್ಯಬ್ಬ! ನನ್ನಬ್ಬಿ ಹೀಂಗೇ ಓ ಅಂತಿದ್ದಿತ್" ಎಂದು ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ತಮ್ಮ ತಾಯಿ ತೀರಿಕೊಂಡ ಮೇಲೆ ಆ ಸ್ವರ ಕೇಳಿದ್ದು ಅವತ್ತೇ ಅಂತೆ. ವಾರಿಜ ಅಳುತ್ತಿದ್ದಳು. ಅದೇ ದಪ್ಪ ಸ್ವರದಲ್ಲಿ, "ಇದ್ ಹಾಡುಕಾಪ್ ಸ್ವರ ಅಲ್ಲ" ಎಂದಳು.

"ಯಾರ್ ಹೇಳಿರ್ ನಿಂಗೆ?" ಎಂದು ನಾನು ಜೋರು ಮಾಡಿದೆ. ಅವಳ ಮುಂದೆ ಜೋರು ಮಾಡಿದ್ದು ಅದೇ ಮೊದಲು ಇರಬೇಕು. ಅಲ್ಲೇ ಬಿದ್ದಿದ್ದ ಯಾರದೋ ಮದುವೆ ಕಾಗದದ ಹಿಂಬದಿಯಲ್ಲಿ ಬರೆಯಲು ಕೂತೆ. ಇಷ್ಟು ವರ್ಷ ಕರೆಯುವವಳ ಪದ್ಯ ಬರೆದಿದ್ದೆ. ಕರೆ ಕೇಳಿದವಳು ಏನನ್ನುತ್ತಾಳೆ ಎಂದು ನನಗೆ ಹೊಳೆದೇ ಇರಲಿಲ್ಲ.

ಓ... ಕೇಂತ್ ಕಾಣಿ, ಬನ್ನಿ,
ದೀಪ ಹಚ್ಚಿ ಕೂಕಂಡಿದೆ.

ಕೇಳಿಸಿತು, ದೀಪ ಹಚ್ಚಿ ಕಾಯುತ್ತಾ ಕೂತಿದ್ದೇನೆ ಎಂದು. ವಾರಿಜ ಓದಿದಳು. "ಓ ಅಂಬುದ್ ನಾನಾರೆ ಹ್ವಾಯ್ ಅಂಬುದ್ ಯಾರ್?"

"ಸಭೆಯವ್ರ್."

"ಅವ್ರ್ ಕೂಗ್ದಿರೆ?"

ಜನ ಬರುವುದು ಅವಳ ಕೂಗು ಕೇಳಲು. ಅವರನ್ನೇ ಕೂಗಿ ಎಂದರೆ ಎದ್ದು ಹೋಗಲೂಬಹುದು. ಹಾಗಾದರೆ ಅವಳು ಇನ್ನು ವೇದಿಕೆ ಹತ್ತುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಶೀನಣ್ಣನ ನವರಾತ್ರಿಗೆ ಹೋಪ ಎಂದು ಅವಳೇ ಹೊರಟಳು.

ಶಂಕರನಾರಾಯಣದಲ್ಲಿ ಸಂಜೆ ಸಭೆ ತುಂಬಿತ್ತು. ಕೀಬೋರ್ಡಿನವರು ಶ್ರುತಿಯನ್ನು ಕೆಳಗೆ ಇಳಿಸಿಕೊಂಡಿದ್ದರು. ಮೊದಲ ಹಾಡಿಗೆ ಜನ ಮುಖ ಮುಖ ನೋಡಿಕೊಂಡರು. ಯಾರೋ ಪಕ್ಕದವರಿಗೆ, ಶೀತವಾ ಎಂದದ್ದು ನನಗೂ ಕೇಳಿಸಿತು. ಎರಡು ಮೂರು ಹಾಡು ಹಾಗೇ ಹೋಯಿತು. ಆಮೇಲೆ ವಾರಿಜ ಮೈಕಿನ ಹತ್ತಿರ ಬಂದು, ಏನನ್ನೂ ಮುಚ್ಚಿಡದೆ ಹೇಳಿದಳು. "ಈ ಸಲ ನಾನ್ ಕೂಗುದಿಲ್ಲೆ. ನಂಗ್ ಆತಿಲ್ಲೆ. ನಾನ್ ಮನಿಲ್ ಇದೆ. ನೀವ್ ಕರಿನಿ."

ಸಭೆ ಸುಮ್ಮನಾಯಿತು. ವೇದಿಕೆಯ ಬದಿಯಲ್ಲಿದ್ದ ನಾನೇ ಕೂಗೋಣ ಎಂದು ಬಾಯಿ ತೆರೆದೆ, ಮ್ಯಾನೇಜರು ಕೂಗಿದರೆ ಸಭೆ ಕರೆದಂತಾಗುವುದಿಲ್ಲ ಎಂದು ಮತ್ತೆ ಮುಚ್ಚಿಕೊಂಡೆ. ವಾರಿಜ ಕಾಯುತ್ತಾ ನಿಂತಿದ್ದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ದೇವರೇ, ಯಾರಾದರೂ ಕರೆಯಲಿ ಎಂದು ಬೇಡಿಕೊಂಡೆ.

ಹೆಂಗಸರ ಕಡೆಯಿಂದ, ತೀರಾ ಹಿಂದಿನಿಂದ, ಒಬ್ಬ ಅಜ್ಜಿಯ ಒಡಕು ಸ್ವರ ಬಂತು. "ಹ್ವಾಯ್... ಮಗಾ!" ಅದರ ಬೆನ್ನಿಗೆ ಒಬ್ಬ ಗಂಡಸು ಕೂಗಿದ. ಆಮೇಲೆ ಯಾರು ಯಾರು ಎಂದು ಹೇಳಲು ಬರುವುದಿಲ್ಲ, ಇಡೀ ಸಭೆ ಹ್ವಾಯ್ ಎಂದಿತು. ವಾರಿಜ ಅದೆಲ್ಲ ಇಳಿಯುವವರೆಗೆ ಕಾದು, ಮೆಲ್ಲಗೆ, ಆ ದಪ್ಪ ಸ್ವರದಲ್ಲಿ ಓ ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಕೇಳುತ್ತಿದ್ದರು. ಎದುರು ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಮ್ಯಾನೇಜರು ಅಳುವುದು ಚಂದವಲ್ಲ ಎಂದು ಕತ್ತಲ ಕಡೆಗೆ ತಿರುಗಿ ನಿಂತೆ. ಹಾಡು ಮುಗಿದ ಮೇಲೆ ಜನ ಅದನ್ನೇ ಇನ್ನೊಮ್ಮೆ ಹಾಡಿಸಿದರು, ಅಂದರೆ ಇನ್ನೊಮ್ಮೆ ತಾವೇ ಕೂಗಿದರು.

ಶೀನಣ್ಣನ ಊಟ ಮುಗಿಸಿ ಕಾರು ಹತ್ತಿದೆವು. ಸ್ವಲ್ಪ ದೂರ ಬಂದ ಮೇಲೆ ವಾರಿಜ, "ಹ್ವಾಯ್, ಆ ಓ ಒಂದ್ ಬಿಟ್ರೆ ಇವತ್ತ್ ಹಾಡದ್ದೆಲ್ಲ ಹಳೇ ಸ್ವರಕ್ಕ್ ಬರ್ದದ್ದ್. ಈ ಸ್ವರಕ್ಕಂದೇಳಿ ನೀವ್ ಇನ್ನೊಂದಾರೂ ಪದ್ಯ ಬರ್ದಿದ್ರ್ಯಾ?" ಎಂದು ಕೇಳಿದಳು.

ಬರೆಯುತ್ತೇನೆ ಮಾರಾಯ್ತಿ, ಪುರುಸೊತ್ತಾಗಲಿ, ಇನ್ನು ಬೈಂದೂರಿನವರಿಗೆ ಡೇಟು ಹೇಳಬೇಕು, ಬ್ರಹ್ಮಾವರದವರಿಗೆ ಹೇಳಬೇಕು ಎಂದು ನಾನು ಶುರು ಮಾಡುವಷ್ಟರಲ್ಲಿ ಫೋನು ರಿಂಗಾಯಿತು. ಅವಳು ನನ್ನ ಜೇಬಿಗೆ ಕೈ ಹಾಕಿ ಅದನ್ನು ತೆಗೆದುಕೊಂಡಳು. ಸ್ವಂತ ಸ್ವರಕ್ಕೆ ಹೆದರಿ ಮಳೆಗಾಲವಿಡೀ ಬಾಯಿ ಮುಚ್ಚಿ ಕೂತಿದ್ದವಳು, ಯಾರೋ ಗುರುತಿಲ್ಲದವರಿಗೆ ಹೇಳುತ್ತಿದ್ದಳು:

"ಹೌದ್, ವಾರಿಜನೇ ಮಾತಾಡುದ್. ಶೀತ ಎಂತ ಇಲ್ಲೆ, ನನ್ನ ಸ್ವರವೇ ಹೀಂಗ್. ಮ್ಯಾನೇಜ್ರಾ? ಅವ್ರ್ ಪದ್ಯ ಬರೂಕ್ ಕೂಕಂಡಿದ್ರ್, ಈಗ ಸಿಕ್ಕುದಿಲ್ಲೆ. ಎಂತ ಬೇಕ್, ನಂಗೇ ಹೇಳಿ."